ಹೃದಯ ನಿಂತಿರಲಿಲ್ಲ, ಬೇಗ ಬಡಿದಿತ್ತು

ನಮಸ್ಕಾರ.

'ನಿಂತುಹೋದ ಬಡಿತ' ಲೇಖನ ತಲುಪಿದೆ. ಎರಡು ಸಲ ಓದಿದೆ. 'ನನ್ನ ಹೆಸರು ಹಾಕಬೇಡಿ, ಆದರೆ ಉತ್ತರವನ್ನು ಎಲ್ಲರೂ ಓದುವ ಹಾಗೆ ಬರೆಯಿರಿ' ಅಂದಿದ್ದೀರಿ. ಸರಿ, ಹಾಗೇ ಮಾಡುತ್ತೇನೆ. ಲೇಖನ ನೋಡದವರಿಗಾಗಿ ಮೊದಲು ಎರಡು ಮಾತು. ಇವರಿಗೆ ಆಗಾಗ ಎದೆಬಡಿತ ತಪ್ಪಿದ ಹಾಗಾಗುತ್ತದೆ. ಇಸಿಜಿ, ಎಕೋ, ಥೈರಾಯ್ಡ್ ಪರೀಕ್ಷೆ, ಹೋಲ್ಟರ್ (ಮೈಗೆ ಕಟ್ಟಿಕೊಂಡು ದಿನವಿಡೀ ಬಡಿತ ರೆಕಾರ್ಡ್ ಮಾಡುವ ಯಂತ್ರ) ಎಲ್ಲ ಮುಗಿದಿದೆ. ಎಕ್ಟೋಪಿಕ್ ಬಡಿತ, ಅಂದರೆ ಹೊತ್ತಿಗೆ ಮುಂಚೆ ಬರುವ ಬಡಿತ, ಅಪಾಯವಿಲ್ಲ, ಹೃದಯ ಚೆನ್ನಾಗಿದೆ ಎಂದು ಡಾಕ್ಟರ್ ಹೇಳಿದ್ದಾರೆ. ಆದರೂ ಭಯ ಬಿಟ್ಟಿಲ್ಲ. ಅದರ ಬಗ್ಗೆ ಆರು ಪುಟ ಬರೆದಿದ್ದಾರೆ.

ಒಳ್ಳೆಯ ಮಾತು ಮೊದಲೇ ಹೇಳಿ ಮುಗಿಸುತ್ತೇನೆ. ಭಾಷೆ ಸ್ವಚ್ಛವಾಗಿದೆ, ಕಾಗುಣಿತದ ತಪ್ಪಿಲ್ಲ, ವಿಷಯ ನಿಮ್ಮದೇ. ಮೂರನೇ ಪುಟ ಓದುವಾಗ ನನ್ನ ಬೆರಳು ತಾನಾಗಿ ಮಣಿಕಟ್ಟಿಗೆ ಹೋಗಿತ್ತು. ಬರೆದವರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ನನ್ನ ಹತ್ತಿರ ಇಲ್ಲ. ಇನ್ನು ಸಿಟ್ಟು ಬಂದ ವಿಷಯಕ್ಕೆ ಬರೋಣ.

"ಇದ್ದಕ್ಕಿದ್ದಂತೆ ನನ್ನ ಹೃದಯ ನಿಂತೇ ಹೋಯಿತು."

ಇದು ನಿಮ್ಮ ಮೊದಲ ಸಾಲು. ಆರು ಪುಟದಲ್ಲಿ ಹೃದಯ ಏಳು ಸಲ ನಿಲ್ಲುತ್ತದೆ. ಎರಡನೇ ಸಲಕ್ಕೇ ನನಗೆ ಭಯ ಹೋಯಿತು, ನಾಲ್ಕನೆಯದಕ್ಕೆ ನಗು ಬಂತು. ನೀವು ನಗಿಸಲು ಬರೆದದ್ದಲ್ಲ ಎಂದು ಗೊತ್ತು, ಅದಕ್ಕೇ ಸಿಟ್ಟು.

ಹೃದಯ ನಿಂತಿರಲಿಲ್ಲ ಕಣ್ರೀ. ಡಾಕ್ಟರ್ ಅದನ್ನು ಬಿಡಿಸಿ ಹೇಳಿದ್ದಾರೆ, ನೀವೇ ಐದನೇ ಪುಟದಲ್ಲಿ ಬರೆದಿದ್ದೀರಿ, ಆದರೆ ಬೇರೆ ಯಾರದೋ ರಿಪೋರ್ಟ್ ಓದಿ ಹೇಳುತ್ತಿರುವವರ ಹಾಗೆ ಬರೆದು ಮುಂದೆ ಓಡಿದ್ದೀರಿ. ಬಡಿತ ಹುಟ್ಟಲು ಹೃದಯದ ಮೇಲಿನ ಬಲಕೋಣೆಯಲ್ಲಿ ಒಂದು ಜಾಗ ಇದೆ. ಅದು ತನ್ನ ಪಾಡಿಗೆ ಲಯ ಹಿಡಿದು ಕೆಲಸ ಮಾಡುತ್ತಿರುವಾಗ ಕೆಳಗಿನ ಕೋಣೆಯ ಯಾವುದೋ ಮೂಲೆ ತಡೆಯಲಾರದೆ ತಾನೇ ಮುಂಚೆ ಬಡಿದುಬಿಡುತ್ತದೆ. ಕೋಣೆ ಆಗಿನ್ನೂ ಪೂರ್ತಿ ರಕ್ತ ತುಂಬಿಕೊಂಡಿರುವುದಿಲ್ಲ. ಹಾಗಾಗಿ ಆ ಬಡಿತಕ್ಕೆ ಬಲ ಇಲ್ಲ, ಎಷ್ಟೋ ಸಲ ಅದು ಮಣಿಕಟ್ಟಿನ ನಾಡಿಯವರೆಗೆ ಬರುವುದೂ ಇಲ್ಲ. ಆಮೇಲೆ ಒಂದು ಬಿಡುವು. ನಿಮಗೆ 'ನಿಂತಿತು' ಅನಿಸುವುದು ಆಗ. ಆ ಬಿಡುವಿನಲ್ಲಿ ಕೋಣೆ ಮಾಮೂಲಿಗಿಂತ ಜಾಸ್ತಿ ತುಂಬಿಕೊಳ್ಳುತ್ತದೆ, ಮುಂದಿನ ಬಡಿತ ಜೋರಾಗಿ ಬರುತ್ತದೆ. ನಿಮ್ಮನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸುವ ಆ 'ಧಡ್' ಇದೆಯಲ್ಲ, ಅದು ಸರಿಯಾದ ಬಡಿತ. ತಪ್ಪಿದ್ದು ಅದರ ಹಿಂದಿನದು. ಅದು ನಿಮಗೆ ಗೊತ್ತೇ ಆಗಲಿಲ್ಲ.

ಈಗ ಹೇಳಿ, 'ನಿಂತೇ ಹೋಯಿತು' ಎನ್ನುವುದಕ್ಕಿಂತ ಇದು ಎಷ್ಟು ವಿಚಿತ್ರವಾಗಿದೆ! ಹೃದಯ ದಾರಿಗೆ ಬಂದ ಕ್ಷಣಕ್ಕೆ ನೀವು ಹೆದರುತ್ತೀರಿ. ಇದು ನಿಮಗೆ ಗೊತ್ತಿದೆ, ಗೊತ್ತಿದ್ದೂ ಮುಂದಿನ 'ಧಡ್'ಗೆ ಎದ್ದು ಕೂರುತ್ತೀರಿ. ಲೇಖನ ಇಲ್ಲಿದೆ. ನೀವು ಅದನ್ನು ಬಿಟ್ಟು ಹೃದಯವನ್ನು ನಿಲ್ಲಿಸುತ್ತಾ ಕೂತಿರಿ.

ಎರಡನೇ ಸಾಲು: "ಸಾವು ನನ್ನ ಬಾಗಿಲು ತಟ್ಟಿತು." ತೆಗೆಯಿರಿ. ಕಾರಣ ಕೇಳಬೇಡಿ.

ಮೂರನೇ ಸಾಲು: "ಪಂಜರದ ಹಕ್ಕಿಯಂತೆ ಪಟಪಟಿಸಿತು, ಹುಚ್ಚು ಕುದುರೆಯಂತೆ ಓಡಿತು, ಯುದ್ಧದ ನಗಾರಿಯಂತೆ ಮೊಳಗಿತು." ಇವುಗಳಲ್ಲಿ ಯಾವುದು? ಮೂರೂ ಒಂದೇ ಅಲ್ಲ. ಪಟಪಟ ಅನ್ನುವುದು ಬೇರೆ, ಒಂದೇ ಸಮ ವೇಗವಾಗಿ ಓಡುವುದು ಬೇರೆ, ನಿಧಾನವಾಗಿದ್ದೂ ಜೋರಾಗಿ ಬಡಿಯುವುದು ಬೇರೆ. ಹೃದಯದ ಡಾಕ್ಟರಿಗೆ ಈ ಮೂರು ಮಾತು ಮೂರು ಬೇರೆ ದಾರಿ ತೋರಿಸುತ್ತವೆ. ಅದಕ್ಕೇ ಅವರು ಮೇಜಿನ ಮೇಲೆ ಬೆರಳಲ್ಲಿ ತಟ್ಟಿ ತೋರಿಸಿ ಎಂದು ಕೇಳುವುದು. ನಿಮ್ಮನ್ನೂ ಕೇಳಿದ್ದಾರೆ. ನೀವು ಏನು ಬರೆದಿದ್ದೀರಿ? "ನಾನು ತಟ್ಟಿ ತೋರಿಸಿದೆ." ಅಷ್ಟೇ! ಹೇಗೆ ತಟ್ಟಿದಿರಿ? ಟಕ್, ಟಕ್, ಟಟಕ್, ಆಮೇಲೆ ಸುಮ್ಮನೆ, ಆಮೇಲೆ ಒಂದು ಗಟ್ಟಿ ಟಕ್? ಅಥವಾ ಬೆರಳು ನಡುಗಿ ತಟ್ಟಲು ಆಗಲೇ ಇಲ್ಲವಾ? ಒಂದು ಕೋಣೆ, ಒಂದು ಮೇಜು, ದೊಡ್ಡವರೊಬ್ಬರು ತಮ್ಮ ಎದೆಯೊಳಗಿನದನ್ನು ಅಪರಿಚಿತರ ಮುಂದೆ ಬೆರಳಲ್ಲಿ ನುಡಿಸಿ ತೋರಿಸುತ್ತಿದ್ದಾರೆ. ಇಂಥದ್ದು ಕೈಗೆ ಸಿಕ್ಕಿದ್ದಾಗ ಕುದುರೆ ಯಾಕ್ರೀ ಬೇಕು?

ನನಗೆ ಇದು ಇಷ್ಟು ಚುಚ್ಚುವುದಕ್ಕೆ ಹಳೆಯ ಕಾರಣ ಇದೆ. ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ಕತೆ, ಕವಿತೆ ನೋಡುವ ಕೆಲಸ ಸಿಗುತ್ತದೆ ಎಂದು ಹೋದವನಿಗೆ ಸಿಕ್ಕಿದ್ದು ಡಾಕ್ಟರಿಗೆ ಪ್ರಶ್ನೆ ಕೇಳುವ ಅಂಕಣ. ಓದುಗರು ಬರೆದ ಉದ್ದುದ್ದ ಕಾಗದಗಳನ್ನು ಏಳೆಂಟು ಸಾಲಿಗೆ ಇಳಿಸಿ ಡಾಕ್ಟರಿಗೆ ಕಳಿಸಬೇಕು. ಜೊತೆಯವರೆಲ್ಲ ಸಂದರ್ಶನ, ವಿಮರ್ಶೆ ಎಂದು ಓಡಾಡುತ್ತಿದ್ದರೆ ನಾನು ಒಂದು ಮೂಲೆಯಲ್ಲಿ ಕೂತು ಹೊಟ್ಟೆಯುರಿ, ಮಂಡಿನೋವು, ಎದೆಬಡಿತ ಓದುತ್ತಿದ್ದೆ. ಎದೆಬಡಿತದ ಕಾಗದಗಳಿಗಂತೂ ಕೊನೆಯೇ ಇರಲಿಲ್ಲ. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಮಾತು: ಡಾಕ್ಟರ್ ಏನೂ ಇಲ್ಲ ಅಂದರು, ನನಗೆ ನಂಬಿಕೆ ಬರುತ್ತಿಲ್ಲ.

ನಮ್ಮ ಹಿರಿಯ ಉಪಸಂಪಾದಕರು ಒಂದೇ ಒಂದು ಲೆಕ್ಕ ಹೇಳಿಕೊಟ್ಟಿದ್ದರು. "ಈ ಸಾಲು ಹೊಡೆದು ಹಾಕಿದರೆ ಡಾಕ್ಟರಿಗೆ ಉತ್ತರ ಕೊಡಕ್ಕಾಗುತ್ತಾ? ಆಗುತ್ತೆ ಅಂದ್ರೆ ಹೊಡಿ. ಆಗಲ್ಲ ಅಂದ್ರೆ ಮುಟ್ಟಬೇಡ." ಆ ಲೆಕ್ಕದಲ್ಲಿ 'ತುಂಬಾ ಭಯವಾಗುತ್ತದೆ' ಹೋಗುತ್ತಿತ್ತು, 'ಜೀವವೇ ಬೇಡ ಅನಿಸಿದೆ' ಮಾತ್ರ ಹೋಗಕೂಡದು, ಅದನ್ನು ಬೇರೆ ಇಟ್ಟು ಅವತ್ತೇ ಡಾಕ್ಟರಿಗೆ ಫೋನ್ ಮಾಡಬೇಕಿತ್ತು. 'ಎಡ ಮಗ್ಗುಲಾಗಿ ಮಲಗಿದರೆ ದಿಂಬಿನಲ್ಲಿ ಬಡಿತ ಕೇಳಿಸುತ್ತದೆ, ಬಲಕ್ಕೆ ತಿರುಗಿದರೆ ಕಡಿಮೆ' ಉಳಿಯುತ್ತಿತ್ತು. ಎಡಕ್ಕೆ ಮಲಗಿದಾಗ ಹೃದಯದ ತುದಿ ಎದೆಗೂಡಿನ ಗೋಡೆಗೆ ಹತ್ತಿರ ಬರುತ್ತದೆ, ಅದಕ್ಕೇ ಹಾಗೆ ಎಂದು ಡಾಕ್ಟರ್ ಉತ್ತರ ಬರೆಯುತ್ತಿದ್ದರು. 'ಮೆಟ್ಟಿಲು ಹತ್ತುವಾಗ ಏನೂ ಇಲ್ಲ, ಹತ್ತಿ ಕೂತ ಮೇಲೆ ಶುರು' ಉಳಿಯುತ್ತಿತ್ತು. ಆ ಕಾಗದ ಬರೆದವರು ಯಾರೂ ಸಾಹಿತಿಗಳಲ್ಲ. ಆದರೆ ಎದೆಬಡಿತದ ಬಗ್ಗೆ ನಾನು ಓದಿದ ಒಳ್ಳೆಯ ಬರವಣಿಗೆ ಇವತ್ತಿಗೂ ಅವರದೇ. ಅವರಿಗೆ ಉತ್ತರ ಬೇಕಿತ್ತು, ಚಪ್ಪಾಳೆ ಬೇಕಿರಲಿಲ್ಲ. ನಿಮ್ಮ ಲೇಖನಕ್ಕೆ ಆ ಲೆಕ್ಕ ಹಾಕಿ ನೋಡಿದೆ. ಮೊದಲ ಎರಡು ಪುಟದಲ್ಲಿ ಒಂದು ಸಾಲೂ ಉಳಿಯಲಿಲ್ಲ.

ಮೂರನೇ ಪುಟದಲ್ಲಿ ಉಳಿಯಿತು. "ಮೀಟಿಂಗ್ ನಡೆಯುವಾಗ ಮೇಜಿನ ಕೆಳಗೆ ನಾಡಿ ಹಿಡಿದುಕೊಂಡಿರುತ್ತೇನೆ. ಮುಖದಲ್ಲಿ ಎಲ್ಲರ ಮಾತು ಕೇಳುತ್ತಿರುವ ಭಾವ." ನನ್ನ ಕೈ ಮಣಿಕಟ್ಟಿಗೆ ಹೋದದ್ದು ಇಲ್ಲಿ. ಇದರಲ್ಲಿ ಹಕ್ಕಿ ಇಲ್ಲ, ಸಾವು ಇಲ್ಲ. ಎರಡು ಬೆರಳು ಇದೆ.

ನಾಲ್ಕನೇ ಪುಟದಲ್ಲಿ ಆವರಣದೊಳಗೆ ಹಾಕಿ ಒಂದು ಸಾಲು ಬರೆದಿದ್ದೀರಿ. ಹೋಲ್ಟರ್ ಹಾಕಿಕೊಂಡ ದಿನ ಹೆದರಿಕೆಯಾಗಿ ನೀವು ಗುಂಡಿ ಒತ್ತಿದಾಗಲೆಲ್ಲ ರೆಕಾರ್ಡಿನಲ್ಲಿ ಬಡಿತ ಸರಿಯಾಗಿತ್ತಂತೆ. ಎಕ್ಟೋಪಿಕ್ ಬಡಿತ ಸಿಕ್ಕಿದ್ದು ಬೆಳಗಿನ ಜಾವ, ನೀವು ಒಳ್ಳೆಯ ನಿದ್ದೆಯಲ್ಲಿದ್ದಾಗ. ಇದನ್ನು ಆವರಣದಲ್ಲಿ ಹಾಕುತ್ತಾರಾ ಯಾರಾದರೂ? ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಅದರಲ್ಲಿ ಕೆಲವು ಆಚೀಚೆ ಆಗುವುದು ಆರೋಗ್ಯವಾಗಿರುವವರಲ್ಲೂ ಇದೆ, ಬಹಳ ಜನರಿಗೆ ಅದು ಗೊತ್ತೇ ಆಗುವುದಿಲ್ಲ. ನೀವು ದಿನವಿಡೀ ಕಿವಿಗೊಟ್ಟು ಕಾದಿರಿ, ಹೃದಯ ಸುಮ್ಮನಿತ್ತು. ನೀವು ಕಾವಲು ಬಿಟ್ಟು ಮಲಗಿದಾಗ ಅದು ತನ್ನ ಆಟ ಆಡಿ ಮುಗಿಸಿತು, ನಿಮಗೆ ಎಚ್ಚರವೂ ಆಗಲಿಲ್ಲ. ಹಾಗಾದರೆ ಹಗಲು ನಿಮಗೆ ಅನಿಸಿದ್ದು ಏನು? ಇದನ್ನು ನೀವು ಕೇಳಿಕೊಂಡೇ ಇಲ್ಲ. ಕೇಳಿಕೊಂಡಿದ್ದರೆ ಒಂದು ಪುಟ ತಾನಾಗಿ ಬರುತ್ತಿತ್ತು. ಭಯವಾದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಬಡಿತ ಜೋರಾಗುತ್ತದೆ, ಸರಿಯಾದ ಬಡಿತವೇ ಎದೆಗೆ ಗುದ್ದಿದ ಹಾಗಿರುತ್ತದೆ, ಅದನ್ನು ಕಂಡು ಇನ್ನಷ್ಟು ಭಯ. ಈ ಸುತ್ತು ನಿಮ್ಮ ಮೈಯಲ್ಲೇ ನಡೆದಿದೆ, ಗಂಟೆ ನಿಮಿಷದ ಸಮೇತ ರೆಕಾರ್ಡ್ ಆಗಿದೆ.

ಆ ದಿನ ಆಸ್ಪತ್ರೆಯವರು ಒಂದು ಹಾಳೆ ಕೊಟ್ಟಿರುತ್ತಾರೆ. ಎಷ್ಟು ಹೊತ್ತಿಗೆ, ಏನು ಮಾಡುತ್ತಿದ್ದಿರಿ, ಏನು ಅನಿಸಿತು ಎಂದು ಬರೆಯಲು. ಅದರ ಪ್ರತಿ ನಿಮ್ಮ ಹತ್ತಿರ ಇದೆಯಾ? ಇದ್ದರೆ ಈ ಆರು ಪುಟ ಬದಿಗಿಟ್ಟು ಅದನ್ನು ಮುಂದಿಟ್ಟುಕೊಂಡು ಬರೆಯಿರಿ. ಹೋಲ್ಟರ್ ಬಗ್ಗೆ ನೀವು "ಬೆಟ್ಟದಷ್ಟು ಭಾರದ ಯಂತ್ರ" ಎಂದೂ ಬರೆದಿದ್ದೀರಿ. ಈಗಿನದು ಅಂಗೈಯಲ್ಲಿ ಹಿಡಿಯುತ್ತದೆ. 1940ರ ದಶಕದ ಕೊನೆಯಲ್ಲಿ ನಾರ್ಮನ್ ಹೋಲ್ಟರ್ ಮಾಡಿದ ಮೊದಲಿನದು ಸುಮಾರು 38 ಕಿಲೋ ತೂಗುತ್ತಿತ್ತು, ಬೆನ್ನಿಗೆ ಕಟ್ಟಿಕೊಂಡು ಓಡಾಡಬೇಕಿತ್ತು. ಬೆಟ್ಟ ಅನ್ನುವ ಹಕ್ಕು ಅವರಿಗಿದೆ, ನಿಮಗಿಲ್ಲ. ನಿಮಗಿದ್ದದ್ದು ಅಂಟುಪಟ್ಟಿಯ ಕೆರೆತ ಮತ್ತು ಬಟ್ಟೆಯೊಳಗೆ ವೈರು ಕಾಣುತ್ತದೇನೋ ಅನ್ನುವ ಮುಜುಗರ. ಅದನ್ನೇ ಬರೆಯಿರಿ.

ಇನ್ನೊಂದು ಸಾಲು: "ಇದು ಇಂದಿನ ಒತ್ತಡದ ಬದುಕಿನ ಕೊಡುಗೆ." ಈ ಸಾಲು ನನ್ನ ಮೇಜಿಗೆ ಎಲ್ಲ ಕಾಯಿಲೆಯ ಲೇಖನದ ಜೊತೆಗೂ ಬರುತ್ತದೆ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಇದೇ ಎದೆಬಡಿತ, ಎದೆನೋವು, ಸುಸ್ತು ಕಂಡು ಜೇಕಬ್ ಡಾ ಕೋಸ್ಟಾ ಎಂಬ ವೈದ್ಯರು 1871ರಲ್ಲೇ ಬರೆದಿದ್ದಾರೆ. ಫೋನು, ಕಂಪ್ಯೂಟರು ಯಾವುದೂ ಇಲ್ಲದ ಕಾಲ ಅದು.

ಈಗ ಕೊನೆಯ ಪುಟ. ನಿಜವಾಗಿ ನನ್ನ ತಲೆ ಕೆಟ್ಟದ್ದು ಇಲ್ಲಿ. "ಡಾಕ್ಟರ್ ನಕ್ಕು, ನಿಮ್ಮ ಹೃದಯ ಕಲ್ಲಿನಂತೆ ಗಟ್ಟಿಯಾಗಿದೆ ಎಂದರು. ಆ ಕ್ಷಣವೇ ನನ್ನ ಭಯವೆಲ್ಲ ಕರಗಿಹೋಯಿತು. ಅಂದಿನಿಂದ ನಾನು ಹೊಸ ಮನುಷ್ಯಳಾದೆ."

ನಾನು ನಂಬುವುದಿಲ್ಲ. ಮೇಜಿನ ಕೆಳಗೆ ನಾಡಿ ಹಿಡಿದುಕೊಂಡಿರುತ್ತೇನೆ ಎಂದು ಬರೆದವರು ನೀವು. ಹಿಡಿದುಕೊಂಡಿದ್ದೆ ಅಂದಿಲ್ಲ, ಹಿಡಿದುಕೊಂಡಿರುತ್ತೇನೆ ಅಂದಿದ್ದೀರಿ. ಮೂರನೇ ಪುಟದ ನೀವು ಆರನೇ ಪುಟದ ನಿಮ್ಮನ್ನು ಒಪ್ಪುವುದಿಲ್ಲ. ಹಾಗೆ ಭಯ ಕರಗುವುದಾಗಿದ್ದರೆ ನಮ್ಮ ಅಂಕಣಕ್ಕೆ ಅಷ್ಟು ಕಾಗದ ಬರುತ್ತಲೇ ಇರಲಿಲ್ಲ. ಏನೂ ಇಲ್ಲ ಎಂಬ ಮಾತು ಕೇಳಿ ಹೊರಗೆ ಬಂದಾಗ ಹಗುರ ಅನಿಸುವುದು ನಿಜ. ಆದರೆ ಅದು ಎಷ್ಟು ಹೊತ್ತು ಇತ್ತು? ಮೆಟ್ಟಿಲು ಇಳಿಯುವ ತನಕವಾ, ರಾತ್ರಿ ದೀಪ ಆರಿಸುವ ತನಕವಾ? ಮುಂದಿನ 'ಧಡ್' ಬಂದಾಗ ಮೊದಲು ಬಂದ ಯೋಚನೆ ಏನು? ಮಷಿನ್ ಸರಿ ಇರಲಿಲ್ಲವೇನೋ, ರಿಪೋರ್ಟ್ ಅದಲುಬದಲಾಯಿತೇನೋ, ಈ ಸಲದ್ದು ಬೇರೆ ಥರ ಇತ್ತಲ್ಲ, ಅಂತಲ್ವಾ? ಇನ್ನೊಂದು ಇದೆ. ಕಾಯಿಲೆ ಇದ್ದರೆ ಮನೆಯವರು ಹತ್ತಿರ ಬಂದು ಕೂರುತ್ತಾರೆ. ಏನೂ ಇಲ್ಲ ಎಂದು ಬರಹದಲ್ಲಿ ಸಿಕ್ಕಮೇಲೆ 'ಮತ್ತೆ ಶುರುವಾಯ್ತಾ' ಅನ್ನುತ್ತಾರೆ. ಆಮೇಲೆ ನೀವು ಹೇಳುವುದನ್ನೇ ಬಿಡುತ್ತೀರಿ. ಇದೆಲ್ಲ ನಡೆದೇ ಇಲ್ಲ ಅನ್ನುವುದಾದರೆ ನನಗೆ ಬರೆದು ತಿಳಿಸಿ, ನಾನು ಬಾಯಿ ಮುಚ್ಚುತ್ತೇನೆ.

ಸುಖಾಂತ್ಯ ಬೇಡ ಎಂದು ನಾನು ಹೇಳುತ್ತಿಲ್ಲ. ಈಗ ನೀವು ಹೇಗಿದ್ದೀರೋ ಹಾಗೆ ಬರೆಯಿರಿ. ನಾಡಿ ನೋಡುವುದು ಕಡಿಮೆಯಾಗಿದ್ದರೆ ಹೇಗೆ ಕಡಿಮೆಯಾಯಿತು ಎಂದು ಬರೆಯಿರಿ. ವಾಚಿನಲ್ಲಿ ಬಡಿತ ತೋರಿಸುವುದನ್ನು ಆರಿಸಿಟ್ಟಿರಾ? ಬೇಡ ಅನಿಸಿದ್ದ ಓಟ, ಮೆಟ್ಟಿಲು ಮತ್ತೆ ಶುರು ಮಾಡಿದಿರಾ? 'ಧಡ್' ಬಂದಾಗ ಮಾತು ನಿಲ್ಲಿಸದೆ ಮುಂದುವರಿಸಿದ ದಿನ ಒಂದಾದರೂ ಇರಬೇಕಲ್ಲ? ಅಂಥದ್ದೊಂದು ಇದ್ದರೆ ಸಾಕು, ಹೊಸ ಮನುಷ್ಯಳಾಗುವುದು ಬೇಡ.

ಒಂದು ವಿಷಯದಲ್ಲಿ ಮಾತ್ರ ಚರ್ಚೆ ಇಲ್ಲ. "ಎದೆ ಹೊಡೆದುಕೊಂಡರೆ ಯಾರೂ ಆಸ್ಪತ್ರೆಗೆ ಓಡಬೇಡಿ, ಎಲ್ಲ ಮನಸ್ಸಿನ ಆಟ" ಎಂದು ಓದುಗರಿಗೆ ಬುದ್ಧಿ ಹೇಳಿದ್ದೀರಿ. ಇದನ್ನು ನಾನು ಅಚ್ಚು ಹಾಕುವುದಿಲ್ಲ. ನೀವು ಎಲ್ಲ ಪರೀಕ್ಷೆ ಮಾಡಿಸಿಕೊಂಡ ಮೇಲೆ ಹೇಳುತ್ತಿದ್ದೀರಿ, ಓದುವವರು ಮಾಡಿಸಿರುವುದಿಲ್ಲ. ಬಡಿತ ತಪ್ಪುವುದರ ಜೊತೆ ಎಚ್ಚರ ತಪ್ಪಿ ಬಿದ್ದವರು, ಓಡುವಾಗ ಭಾರ ಎತ್ತುವಾಗ ಹಾಗಾಗುವವರು, ಎದೆನೋವು ಉಸಿರುಕಟ್ಟುವುದು ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ತೀರಿಕೊಂಡವರಿದ್ದರೆ ಅಂಥವರು ತಡಮಾಡದೆ ಡಾಕ್ಟರಿಗೆ ತೋರಿಸಲೇಬೇಕು. ನಿಮ್ಮದು ಮನಸ್ಸಿನ ಆಟವೂ ಅಲ್ಲ, ಬಡಿತ ತಪ್ಪಿದ್ದು ರೆಕಾರ್ಡಿನಲ್ಲೇ ಇದೆ. ಅಪಾಯ ಇಲ್ಲ, ಅಷ್ಟೇ.

ಭಾಷೆ, ಪುಟವಿಂಗಡಣೆ, ನಡುವಿನ ಕವಿತೆ, ಇದರ ಬಗ್ಗೆ ಏನೂ ಹೇಳುವುದಿಲ್ಲ. ಕವಿತೆ ಹೇಗೂ ಹೋಗುತ್ತದೆ. ಮೀಟಿಂಗಿನಿಂದ ಶುರು ಮಾಡಿ, ಹೋಲ್ಟರ್ ದಿನವನ್ನು ನಡುವೆ ತನ್ನಿ, ಡಾಕ್ಟರ್ ಮೇಜಿನ ಮೇಲೆ ಹೇಗೆ ತಟ್ಟಿದಿರಿ ಎಂದು ಬರೆಯಿರಿ. ಮೂರು ಪುಟ ಸಾಕು. ಮುಂದಿನ ತಿಂಗಳ ಕೊನೆಯೊಳಗೆ ಕಳಿಸಿದರೆ ಜಾಗ ಇಟ್ಟಿರುತ್ತೇನೆ. ಶೀರ್ಷಿಕೆ ನಾನು ಬದಲಿಸುತ್ತೇನೆ, ಅದಕ್ಕೆ ಮಾತ್ರ ಜಗಳ ತೆಗೆಯಬೇಡಿ.