ಉಪಗ್ರಹ ಅಳೆದ ಸಮುದ್ರಮಟ್ಟ ಸರಿ ಅಂತ ಹೇಗೆ ಗೊತ್ತಾಗುತ್ತದೆ?

ಒಂದೇ ಲೆಕ್ಕವನ್ನು ಸುಮ್ನೆ ನಂಬುವುದಿಲ್ಲ, ಬೇರೆ ಅಳತೆಗಳ ಜೊತೆ ತಾಳೆ ನೋಡುತ್ತಾರೆ. ಉಪಗ್ರಹ ಬಿಟ್ಟ ರೇಡಾರ್ ಅಲೆ ನೀರಿಗೆ ಬಡಿದು ವಾಪಸ್ ಬರಲು ಹಿಡಿದ ಸಮಯದಿಂದ ದೂರ ಸಿಗುತ್ತದೆ; ಉಪಗ್ರಹದ ಎತ್ತರದಿಂದ ಅದನ್ನು ಕಳೆದರೆ ಸಮುದ್ರಮಟ್ಟ. 1336 ಕಿ.ಮೀ. ಎತ್ತರದ ಜೇಸನ್-3 ಉಪಗ್ರಹಕ್ಕೆ ಈ ಸಮಯ ಸೆಕೆಂಡಿನ ನೂರನೇ ಒಂದು ಭಾಗವೂ ಅಲ್ಲ. ಗಾಳಿಯಲ್ಲಿರುವ ನೀರಾವಿ ಅಲೆಯನ್ನು ಚೂರು ತಡ ಮಾಡುತ್ತದೆ. ನಮ್ಮ ಕಾರವಾರದ ಜುಲೈ ತಿಂಗಳ ಗಾಳಿ ನೆನೆಸಿಕೊಳ್ಳಿ! ಆ ನೀರಾವಿಯನ್ನು ಅಳೆದು ಲೆಕ್ಕ ಸರಿಪಡಿಸಲು ರೇಡಿಯೋಮೀಟರ್ ಅನ್ನೋ ಉಪಕರಣ ಉಪಗ್ರಹದಲ್ಲೇ ಇರುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಜೋಡಿ ಓಟ. 2020ರ ನವೆಂಬರ್‌ನಲ್ಲಿ ಹಾರಿಸಿದ ಸೆಂಟಿನೆಲ್-6 ಉಪಗ್ರಹವನ್ನು ಜೇಸನ್-3ರಿಂದ ಬರೀ 30 ಸೆಕೆಂಡ್ ಅಂತರದಲ್ಲಿ ಒಂದು ವರ್ಷಕ್ಕೂ ಜಾಸ್ತಿ ಓಡಿಸಿದರು. ಅದೇ ನೀರು, ಹೆಚ್ಚುಕಡಿಮೆ ಅದೇ ಹೊತ್ತು. ವ್ಯತ್ಯಾಸ ಕಂಡರೆ ಅದು ಉಪಕರಣದ್ದು, ಸಮುದ್ರದ್ದಲ್ಲ, ಅಲ್ವಾ?

ಇನ್ನೊಂದು ದಾರಿ ನೀರಿನಲ್ಲೇ ಅಳೆಯುವುದು. 2013ರಲ್ಲಿ ಶ್ರೀಹರಿಕೋಟಾದಿಂದ ಹಾರಿದ ಭಾರತ-ಫ್ರಾನ್ಸ್‌ನ ಸರಲ್ ಉಪಗ್ರಹಕ್ಕೆ ಲಕ್ಷದ್ವೀಪದ ಕವರತ್ತಿಯಲ್ಲಿ ಹೀಗೆ ತಾಳೆ ನೋಡಿದ್ದಾರೆ. ಉಬ್ಬರ-ಇಳಿತ ಅಳೆಯುವ ಮಾಪಕ ಕಾರವಾರದಲ್ಲೂ ಇದೆ. ಆದರೆ ರೇಡಾರ್ ಒಂದೇ ಸಲಕ್ಕೆ ಕೆಲವು ಕಿ.ಮೀ. ಅಗಲದ ಜಾಗ ನೋಡುತ್ತದೆ. ಇಲ್ಲಿ ಕೂರ್ಮಗಡ ದ್ವೀಪ, ಸದಾಶಿವಗಡದ ಗುಡ್ಡ ಎಲ್ಲ ಅದರೊಳಗೆ ಬಂದು ನೀರಿನಿಂದ ವಾಪಸ್ ಬಂದ ಅಲೆಯ ಜೊತೆ ನೆಲದಿಂದ ಬಂದ ಅಲೆಯೂ ಬೆರೆಯುತ್ತದೆ. ಕವರತ್ತಿ ಚಿಕ್ಕ, ತಗ್ಗು ದ್ವೀಪ. ಸುತ್ತ ಬರೀ ನೀರು, ಹಾಗಾಗಿ ಅಲ್ಲಿ ಈ ತೊಂದರೆ ಕಡಿಮೆ.