ಓದುಗರ ಪ್ರಶ್ನೆ: ಪೋಕರಿನಲ್ಲಿ ಎಲೆ ಹಂಚುವ ಡೀಲರ್ ಪಾಟ್ (ಗೆದ್ದವರಿಗೆ ಸೇರುವ ರಾಶಿ) ತಪ್ಪಿ ಕೊಟ್ಟರೆ ಎಷ್ಟು ಹೊತ್ತಿನ ತನಕ ಕೇಳಬಹುದು?

ಪ್ರಶ್ನೆ: ಅಕ್ಕಾ, ನನ್ನ ಊರು ಬದಿಯಡ್ಕದ ಹತ್ತಿರ. ಗೆಳೆಯರ ಜೊತೆ ಗೋವಾಕ್ಕೆ ಹೋದಾಗ ಒಂದು ಕ್ಯಾಸಿನೊದ ಪೋಕರ್ ಟೂರ್ನಮೆಂಟಿನಲ್ಲಿ ಆಡಿದೆ. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಇಡಬೇಕಾದ ಚಿಪ್ಸ್ (ಆಟದ ಬಿಲ್ಲೆ), 500–1,000 ಇತ್ತು. ಎಲೆ ಹಂಚಿದ ಕೂಡಲೇ ಒಬ್ಬರು 6,000ಕ್ಕೆ ಆಲ್-ಇನ್ ಹೋದರು (ಇದ್ದದ್ದನ್ನೆಲ್ಲ ಇಟ್ಟರು), ಇನ್ನೊಬ್ಬರು 15,000ಕ್ಕೆ. ನಾನು ಕಾಲ್ ಮಾಡಿದೆ, ಅಂದರೆ ನಾನೂ 15,000 ಇಟ್ಟೆ. ಬ್ಲೈಂಡಿನ ಇಬ್ಬರೂ ಫೋಲ್ಡ್, ಎಲೆ ಬಿಟ್ಟರು. ಬೋರ್ಡಿಗೆ, ಅಂದರೆ ಎಲ್ಲರಿಗೂ ಸೇರಿದ ಐದು ಎಲೆಯಾಗಿ, ಬಂದದ್ದು ರಾಜ, 7, 4, ರಾಣಿ, 2. 6,000ದವರ ಕೈಯಲ್ಲಿ ಎರಡು 7, 15,000ದವರಲ್ಲಿ ಎಕ್ಕ-ರಾಜ, ನನ್ನಲ್ಲಿ ರಾಜ-ರಾಣಿ. ಡೀಲರ್ ಮೂವರ ಎಲೆಯನ್ನೂ ಸರಿಯಾಗಿಯೇ ಓದಿ ಹೇಳಿದರು. ಆದರೆ ಚಿಪ್ಸ್ ಪೂರ್ತಿ 7ರವರ ಕಡೆಗೆ ತಳ್ಳಿಬಿಟ್ಟರು! ನನಗೆ ಹೊಳೆಯುವಾಗ ಮುಂದಿನ ಎಲೆ ಹಂಚಿ ಆಗಿತ್ತು, ಮೊದಲನೆಯವರು ಫೋಲ್ಡ್ ಮಾಡಿದ್ದರು. ಹೇಳಿದೆ. ‘ಹೊಸ ಆಟ ಶುರುವಾಯಿತು, ಇನ್ನು ಆಗುವುದಿಲ್ಲ’ ಎಂದರು. ನನಗೆ ಹಿಂದಿ ಅಷ್ಟು ಬರುವುದಿಲ್ಲ, ಸುಮ್ಮನಾದೆ. ಅವರು ಹೇಳಿದ್ದು ಸರಿಯಾ?

ಉತ್ತರ: ಸರಿಯಲ್ಲ. ನಿಮಗೆ ಬರಬೇಕಾಗಿದ್ದ 18,000 ಚಿಪ್ಸ್ ಆಗಲೂ ವಾಪಸ್ ಬರಬಹುದಿತ್ತು.

ಹೆಚ್ಚಿನ ಕಡೆ ಟೂರ್ನಮೆಂಟ್ ನಡೆಯುವುದು ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್, ಅಂದರೆ ಟಿಡಿಎ ನಿಯಮದ ಮೇಲೆ. 2001ರಲ್ಲಿ ಶುರುವಾದ ಸಂಘ ಅದು. ಕ್ಯಾಸಿನೊಗಳು ಅದಕ್ಕೆ ತಮ್ಮದೂ ಒಂದೆರಡು ಸೇರಿಸಿಕೊಳ್ಳುತ್ತವೆ. ನಾನು ಹಡಗಿನಲ್ಲಿ ಡೀಲರ್ ಆಗಿದ್ದಾಗಲೂ, ಆಮೇಲೆ ಫ್ಲೋರ್ (ಮೇಜುಗಳ ಮೇಲ್ವಿಚಾರಣೆ) ನೋಡಿಕೊಳ್ಳುವಾಗಲೂ ಇದೇ ಪುಸ್ತಕ ನಮ್ಮ ಕೈಯಲ್ಲಿತ್ತು. ಅದರಲ್ಲಿ ಎರಡು ಬೇರೆ ಬೇರೆ ಗಡುವು ಇದೆ. ನಿಮ್ಮ ಡೀಲರ್ ಎರಡನ್ನೂ ಒಂದೇ ಎಂದುಕೊಂಡರು.

ಮೊದಲನೆಯದು ಎಲೆ ಓದಿದ್ದರಲ್ಲಿ ತಪ್ಪು. ಯಾರ ಎಲೆ ದೊಡ್ಡದು ಎಂಬ ತಕರಾರು. ಇದನ್ನು ಮುಂದಿನ ಆಟ ಶುರುವಾಗುವ ಮೊದಲೇ ಎತ್ತಬೇಕು. ಕೈಯಲ್ಲಿ ಕಲೆಸುವುದಾದರೆ ಮೊದಲ ಸಲ ಎಲೆ ಕಲೆಸಿದಲ್ಲಿಗೆ ಹೊಸ ಆಟ ಶುರು. ಕಲೆಸುವ ಮಿಷನ್ ಇದ್ದರೆ ಅದರ ಬಟನ್ ಒತ್ತಿದಲ್ಲಿಗೆ. ಎಲೆ ಕಲೆಸಿ ಹೋದ ಮೇಲೆ ಯಾರ ಕೈಯಲ್ಲಿ ಏನಿತ್ತು ಎಂದು ಮೇಜಿನ ಮೇಲೆ ತೋರಿಸಲಿಕ್ಕೆ ಏನೂ ಉಳಿಯುವುದಿಲ್ಲ ಅಲ್ವಾ?

ಎರಡನೆಯದು ಲೆಕ್ಕದ ತಪ್ಪು. ಎಲೆ ಸರಿಯಾಗಿ ಓದಿ, ಪಾಟ್ ಎಣಿಸುವಾಗಲೋ ಹಂಚುವಾಗಲೋ ಎಡವುವುದು. ನಿಮ್ಮದು ಇದು. ಇದಕ್ಕೆ ಮುಂದಿನ ಆಟದಲ್ಲಿ ‘ಸಬ್‌ಸ್ಟಾನ್ಶಿಯಲ್ ಆ್ಯಕ್ಷನ್’ ಆಗುವ ತನಕ ಸಮಯ ಇದೆ. ಅಂದರೆ ಸರದಿ ಪ್ರಕಾರ ಇಬ್ಬರು ಆಡಿ, ಅದರಲ್ಲಿ ಒಬ್ಬರಾದರೂ ಚಿಪ್ಸ್ ಹಾಕಿರಬೇಕು. ಇಲ್ಲವೇ ಮೂವರು ಏನಾದರೊಂದು ಮಾಡಿರಬೇಕು, ಫೋಲ್ಡ್ ಆದರೂ ಸರಿ. ಬ್ಲೈಂಡ್ ಇಟ್ಟದ್ದು ಲೆಕ್ಕಕ್ಕಿಲ್ಲ. ನೀವು ಹೇಳುವಾಗ ಆಗಿದ್ದದ್ದು ಒಂದೇ ಫೋಲ್ಡ್. ಇನ್ನೊಬ್ಬರು ಫೋಲ್ಡ್ ಮಾಡಿದ್ದರೂ ಬಾಗಿಲು ತೆರೆದೇ ಇರುತ್ತಿತ್ತು. ಅವರು ರೈಸ್ ಮಾಡಿದ್ದರೆ, ಅಂದರೆ ಪಣ ಏರಿಸಿದ್ದರೆ, ಮುಗಿಯಿತು.

ಅಲ್ಲಿಗೇ ಯಾಕೆ ನಿಲ್ಲಿಸುತ್ತಾರೆ? ಟೂರ್ನಮೆಂಟಿನಲ್ಲಿ ಎದುರಿನವರ ಮುಂದೆ ಎಷ್ಟು ಚಿಪ್ಸ್ ಇದೆ ಎಂದು ನೋಡಿಯೇ ನಾವು ಆಡುವುದು. 7ರವರ ಮುಂದೆ 37,500 ಇದೆ ಎಂದುಕೊಂಡು ಒಬ್ಬರು ರೈಸ್ ಮಾಡಿದ ಮೇಲೆ ಅದನ್ನು 19,500 ಮಾಡಿದರೆ ಅವರಿಗೆ ಅನ್ಯಾಯ. ನಮ್ಮ ಅಡಿಕೆ ಅಂಗಡಿಯಲ್ಲಿ ತೂಕದ ತಕರಾರನ್ನು ಗೋಣಿ ರಾಶಿಗೆ ಸುರಿಯುವ ಮೊದಲೇ ಹೇಳಬೇಕು, ಹಾಗೆ.

ಈಗ ಲೆಕ್ಕ ನೋಡಿ. ಮೂವರಿಂದ ತಲಾ 6,000, ಅಂದರೆ 18,000. ಬ್ಲೈಂಡಿನ 1,500 ಸೇರಿ ಮೇನ್ ಪಾಟ್ 19,500. ಮೂರು 7 ಇದ್ದವರಿಗೆ ಅಷ್ಟೇ ಸೇರಬೇಕು. ಉಳಿದದ್ದರಲ್ಲಿ 9,000 ನೀವು ಹಾಕಿದ್ದು, 9,000 ಎಕ್ಕ-ರಾಜದವರು ಹಾಕಿದ್ದು. ಆ 18,000 ಸೈಡ್ ಪಾಟ್. 6,000 ಮಾತ್ರ ಹಾಕಿದವರಿಗೆ ಅದನ್ನು ಮುಟ್ಟುವ ಹಕ್ಕೇ ಇಲ್ಲ. ನಿಮ್ಮ ಎರಡು ಜೋಡಿ ಎಕ್ಕ-ರಾಜದವರ ಒಂದು ಜೋಡಿಯನ್ನು ಸೋಲಿಸಿತು. ಅದು ನಿಮ್ಮದು. 18 ಬಿಗ್ ಬ್ಲೈಂಡ್ (1,000ದ ದೊಡ್ಡ ಬ್ಲೈಂಡಿನ 18 ಪಟ್ಟು)! ಟೂರ್ನಮೆಂಟಿನಲ್ಲಿ ಅದು ಬದುಕು-ಸಾವಿನ ವ್ಯತ್ಯಾಸ.

ಡೀಲರ್ ‘ಆಗುವುದಿಲ್ಲ’ ಎಂದರೆ ಅದು ಕೊನೆಯ ಮಾತಲ್ಲ. ತೀರ್ಪು ಕೊಡುವವರು ಫ್ಲೋರಿನವರು. ಭಾಷೆಯ ಹೆದರಿಕೆ ಬೇಡ. ನಮ್ಮ ಕಾಸರಗೋಡಿನವರಿಗೆ ಮನೆಯಲ್ಲೊಂದು, ಪೇಟೆಯಲ್ಲೊಂದು ಭಾಷೆ ಅಭ್ಯಾಸವೇ ಇದೆ, ಆದರೂ ಹೊರಗೆ ಹೋದಾಗ ಬಾಯಿ ಕಟ್ಟುತ್ತದೆ. ‘ಟೈಮ್’, ‘ಫ್ಲೋರ್’, ಈ ಎರಡು ಮಾತು ಗಟ್ಟಿಯಾಗಿ ಹೇಳಿ, ಕೈ ಎತ್ತಿ. ಸಾಕು. ಆಟ ನಿಲ್ಲುತ್ತದೆ. ಫ್ಲೋರಿನವರು ಬಂದ ಮೇಲೆ ಯಾರು ಎಷ್ಟಕ್ಕೆ ಆಲ್-ಇನ್ ಎಂದು ಮೇಜಿನವರನ್ನೆಲ್ಲ ಕೇಳಿ ಪಾಟ್ ಮತ್ತೆ ಕಟ್ಟುತ್ತಾರೆ. ಅಲ್ಲಿಯ ತನಕ ಯಾರೂ ಚಿಪ್ಸ್ ಮುಟ್ಟದ ಹಾಗೆ ನೋಡಿಕೊಳ್ಳಿ.

ನನಗೆ ಬೇಜಾರಾದದ್ದು ಇನ್ನೊಂದು ವಿಷಯಕ್ಕೆ. ಆ ಮೇಜಿನಲ್ಲಿ ಬೇರೆಯವರೂ ಇದ್ದರಲ್ಲ? ಪಾಟ್ ತಪ್ಪಿ ಹೋಗುವುದು ಕಂಡರೆ ಆ ಆಟದಲ್ಲಿ ಇಲ್ಲದವರೂ ಹೇಳಬೇಕು ಎಂದು ನಿಯಮದಲ್ಲೇ ಇದೆ. ಒಬ್ಬರ ಮುಂದೆ 18,000 ಸುಮ್ಸುಮ್ನೆ ಜಾಸ್ತಿಯಾದರೆ ಎಲ್ಲರ ಆಟವೂ ಕೆಡುತ್ತದೆ. ಚಿಪ್ಸ್ ಪಡೆದವರೂ ಬಾಯಿ ಬಿಡಬೇಕಿತ್ತು.

ಪ್ರಶ್ನೆ: ಬ್ರೇಕಿನ ಹೊತ್ತಿಗೆ ಪಾಟ್ ತಪ್ಪಿದರೆ? ವಾಪಸ್ ಬಂದು ಕೇಳಬಹುದಾ? (ಉಪ್ಪಳದ ಓದುಗರು)

ಉತ್ತರ: ಇಲ್ಲ. ಆಟ ಬ್ರೇಕಿನಲ್ಲಿ ಮುಗಿದರೆ ಪಾಟ್ ಕೊಟ್ಟ 1 ನಿಮಿಷದೊಳಗೆ ಕೇಳಬೇಕು. ಚಹಾಕ್ಕೆ ಏಳುವ ಮೊದಲು ಎಣಿಸಿ.

ಪ್ರಶ್ನೆ: ಅಕ್ಕಾ, ನನ್ನ ಮಗ ಡೀಲರ್ ಕೆಲಸ ಕಲಿಯುತ್ತಿದ್ದಾನೆ. ಸೈಡ್ ಪಾಟ್ ತಪ್ಪಿ ಎಲ್ಲರೆದುರು ಬೈಸಿಕೊಂಡನಂತೆ. ಬಿಟ್ಟು ಬರುತ್ತೇನೆ ಅನ್ನುತ್ತಾನೆ. ಏನು ಹೇಳಲಿ? (ಮಂಜೇಶ್ವರದ ಒಬ್ಬ ತಾಯಿ)

ಉತ್ತರ: ಬಿಡಬೇಡ ಎನ್ನಿ ಅಮ್ಮಾ. ಮೂವರು ನಾಲ್ವರು ಆಲ್-ಇನ್ ಆದಾಗ ಲೆಕ್ಕ ನಿಜವಾಗಿಯೂ ಕಷ್ಟ. ಗಡಿಬಿಡಿಯೇ ತಪ್ಪಿಗೆ ಕಾರಣ, ಬುದ್ಧಿ ಕಮ್ಮಿಯಾಗಿ ಅಲ್ಲ.

ಅವನಿಗೆ ಇಷ್ಟು ಹೇಳಿ. ಪಾಟ್‌ಗಳನ್ನು ಎಲೆ ತೆರೆಯುವ ಮೊದಲೇ ಬೇರೆ ಬೇರೆ ರಾಶಿ ಮಾಡಿ ಇಡಬೇಕು. ಕೊಡುವಾಗ ಕೊನೆಯ ಸೈಡ್ ಪಾಟಿನಿಂದ ಶುರು ಮಾಡಿ ಮೇನ್ ಪಾಟ್ ಕೊನೆಗೆ. ಪ್ರತಿ ಪಾಟಿಗೂ ಯಾರ ಯಾರ ನಡುವೆ, ಗೆದ್ದವರು ಯಾರು ಎಂದು ಬಾಯಿಬಿಟ್ಟು ಹೇಳಬೇಕು. ಚಿಪ್ಸ್ ಸೇರುವ ತನಕ ಗೆದ್ದ ಎಲೆಯನ್ನು ಮೇಜಿನಿಂದ ತೆಗೆಯಬಾರದು. ಅನುಮಾನ ಬಂದರೆ ಆಟಗಾರರು ಕೂಗುವ ಮೊದಲು ತಾನೇ ಫ್ಲೋರ್ ಕರೆಯಬೇಕು. ಹಾಗೆ ಕರೆಯುವ ಡೀಲರನ್ನು ನಾನು ಯಾವತ್ತೂ ಬೈದಿಲ್ಲ. ಮುಚ್ಚಿಡುವವರ ಮೇಲೆ ಸಿಟ್ಟು ಬರುತ್ತಿತ್ತು.

ಪ್ರಶ್ನೆ: ಗೆದ್ದ ಎಲೆಯನ್ನು ಡೀಲರ್ ತಪ್ಪಿ ಮಗುಚಿ ಎತ್ತಿಕೊಂಡರೆ ಪಾಟ್ ಹೋಯಿತಾ? (ಕುಂಬಳೆಯ ಓದುಗರು)

ಉತ್ತರ: ಎಲೆಗಳನ್ನೆಲ್ಲ ಸರಿಯಾಗಿ ತೆರೆದು ಇಟ್ಟಿದ್ದು, ಗೆದ್ದದ್ದು ಸ್ಪಷ್ಟವಾಗಿದ್ದರೆ ಡೀಲರ್ ಅದನ್ನು ಆಟದಿಂದ ತೆಗೆದುಹಾಕಲು ಆಗುವುದಿಲ್ಲ. ಪಾಟ್ ನಿಮ್ಮದೇ. ಆದರೆ ಕಲೆಸುವ ಮೊದಲು ಹೇಳಬೇಕು. ಸೋತೆ ಎಂದುಕೊಂಡು ನೀವೇ ಮಗುಚಿ ಎಸೆದು ಅದು ಉಳಿದ ಎಲೆಗಳಲ್ಲಿ ಬೆರೆತುಹೋದರೆ ನಾನು ಫ್ಲೋರಿನಲ್ಲಿದ್ದರೂ ಕೊಡಿಸಲು ಸಾಧ್ಯವಿಲ್ಲ.