ಎಲೆ ಒಣಗಿದ ಗೆಡ್ಡೆಯ ಬೇರಿಗೆ ಕತ್ತರಿ ಯಾಕೆ?

ಪ್ರಶ್ನೆ: ನಮ್ಮ ಫುಟ್‌ಬಾಲ್ ಲಿಲಿಯ (ಚೆಂಡಿನಂಥ ಕೆಂಪು ಹೂ ಬಿಡುವ ಗೆಡ್ಡೆಗಿಡ) ಎಲೆಗಳೆಲ್ಲ ಡಿಸೆಂಬರಿನಲ್ಲೇ ಹಳದಿಯಾಗಿ ಒಣಗಿದವು. ಕುಂಡ ಬದಲಿಸೋಣ ಅಂತ ಈಗ ಗೆಡ್ಡೆ ತೆಗೆದರೆ, ದಪ್ಪ ಬಿಳಿ ಬೇರುಗಳು ಹಾಗೇ ಇವೆ. ಬೇರು ಕತ್ತರಿಸಿ, ಅರಿಶಿನ ಹಚ್ಚಿ, ಒಂದು ವಾರ ಒಣಗಿಸಿ ನೆಡಿ ಎಂದರು ನರ್ಸರಿಯವರು. ಹಾಗೇ ಮಾಡಲೇ?

ಉತ್ತರ: ಬೇಡ. ಫೆಬ್ರುವರಿ ಬಂದರೆ ಸಾಕು, ಇದೇ ಪ್ರಶ್ನೆ. ಅರ್ಧ ಜನ ಕತ್ತರಿ ಆಡಿಸಿದ ಮೇಲೆ ಕೇಳುತ್ತಾರೆ.

ಗ್ಲಾಡಿಯೋಲಸ್, ಟ್ಯುಲಿಪ್‌ಗಳ ಬೇರು ವರ್ಷವರ್ಷ ಸತ್ತು ಹೊಸದು ಬರುತ್ತದೆ. ಫುಟ್‌ಬಾಲ್ ಲಿಲಿ, ಅಮರಿಲ್ಲಿಸ್ ಹಾಗಲ್ಲ. ಎಲೆ ಹೋದರೂ ಇವುಗಳ ಬೇರು ಬದುಕಿರುತ್ತದೆ. ಬೇಸಿಗೆ ಮಳೆ ಬಿದ್ದೊಡನೆ ಹೂದಂಟು ಮೇಲೇಳಲು ಈ ಬೇರು ಸಿದ್ಧವಾಗಿರಬೇಕು. ಕತ್ತರಿಸಿದರೆ ಗೆಡ್ಡೆ ತನ್ನ ಶಕ್ತಿಯನ್ನೆಲ್ಲ ಹೊಸ ಬೇರಿಗೆ ಸುರಿಯುತ್ತದೆ, ಆ ವರ್ಷ ಹೂವು ಅನುಮಾನ. ಗಾಯದಿಂದ ಕೊಳೆ ಬೇರೆ. ‘ಅಂಗಡಿ ಗೆಡ್ಡೆಗೆ ಬೇರೇ ಇರಲ್ಲ ಅಲ್ವಾ?’ ಎಂದು ವಾದಿಸಬೇಡಿ. ಅದು ಪ್ಯಾಕ್ ಮಾಡಿ ಕಳಿಸುವವರ ಅನುಕೂಲಕ್ಕೆ ಮಾಡಿದ್ದು.

ಮೆತ್ತಗಾಗಿ, ಎಳೆದರೆ ಸಿಪ್ಪೆ ಕಳಚಿ ಒಳಗೆ ದಾರದಂಥದ್ದು ಉಳಿಯುವ ಕಂದು ಬೇರನ್ನು ಮಾತ್ರ ತೆಗೆಯಿರಿ. ಗಟ್ಟಿ ಬೇರಿಗೆ ಅಂಟಿದ ಮಣ್ಣನ್ನೂ ಉದುರಿಸಬೇಡಿ, ತೊಳೆಯುವುದಂತೂ ಬೇಡವೇ ಬೇಡ. ಹಳೆಯದಕ್ಕಿಂತ ಎರಡು ಬೆರಳು ಅಗಲದ ಕುಂಡ ಸಾಕು. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ಒದ್ದೆಯಾಗೇ ಕೂತು ಗೆಡ್ಡೆ ಕೊಳೆಸುತ್ತದೆ. ಕೆಮ್ಮಣ್ಣಿಗೆ ದಪ್ಪ ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಹಸಿ ಸಗಣಿ ಹತ್ತಿರ ತರಬೇಡಿ. ಬೇರು ಮಡಚದಂತೆ ಹರಡಿ ಮಣ್ಣು ತುಂಬಿ. ಫುಟ್‌ಬಾಲ್ ಲಿಲಿ ಗೆಡ್ಡೆಯ ಕುತ್ತಿಗೆ, ಅಂದರೆ ಎಲೆ ಹೊರಡುವ ಕಿರಿದಾದ ಮೇಲ್ತುದಿ, ಮಣ್ಣಿನ ಮಟ್ಟಕ್ಕೆ ಬರಲಿ, ಅಮರಿಲ್ಲಿಸ್ ಆದರೆ ಗೆಡ್ಡೆಯ ಮೂರನೇ ಒಂದು ಭಾಗ ಹೊರಗಿರಲಿ.

ಮಣ್ಣು ಕೂರುವಷ್ಟು ಒಮ್ಮೆ ನೀರು ಹಾಕಿ. ಬೇರು ಮುರಿದಿದ್ದರೆ ಆ ನೀರನ್ನು ನಾಲ್ಕೈದು ದಿನದ ನಂತರ ಹಾಕಿ. ಆಮೇಲೆ ಮೊಳಕೆ ಕಾಣುವವರೆಗೆ ಸುಮ್ನೆ ಇರಿ. ಇದೇ ಯಾರಿಂದಲೂ ಆಗದ ಕೆಲಸ! ದಿನಾ ಒಂದು ಲೋಟ ಸುರಿದು, ಆಮೇಲೆ ಗೆಡ್ಡೆ ಸರಿಯಿಲ್ಲ ಅನ್ನುತ್ತಾರೆ. ಮೂರ್ನಾಲ್ಕು ವರ್ಷಕ್ಕೊಮ್ಮೆ ಕುಂಡ ಬದಲಿಸಿದರೆ ಜಾಸ್ತಿಯೇ ಆಯಿತು. ನಾನಂತೂ ಕುಂಡ ಬಿರುಕು ಬಿಡುವವರೆಗೂ ಮುಟ್ಟುವುದಿಲ್ಲ.

ಪ್ರಶ್ನೆ: ಅರಿಶಿನದ ಬದಲು ದಾಲ್ಚಿನ್ನಿ ಪುಡಿ ಹಚ್ಚಬಹುದೇ?

ಉತ್ತರ: ಗಾಯವನ್ನೇ ಮಾಡದಿದ್ದರೆ ಮಸಾಲೆ ಡಬ್ಬ ತೆರೆಯುವ ಕೆಲಸವೇ ಇಲ್ಲ.

ಪ್ರಶ್ನೆ: ಬೇಗ ಹೂ ಬಿಡಲು ಮಲಗಿದ ಗೆಡ್ಡೆಗೆ ಎಪ್ಸಮ್ ಸಾಲ್ಟ್ ಹಾಕಿ ಎಂದು ವಿಡಿಯೊದಲ್ಲಿ ಹೇಳಿದರು.

ಉತ್ತರ: ಅದರಲ್ಲಿರುವುದು ಮೆಗ್ನೀಸಿಯಮ್, ಗಂಧಕ. ಎಲೆಯೇ ಇಲ್ಲದ ಗೆಡ್ಡೆ ಅದನ್ನಿಟ್ಟುಕೊಂಡು ಏನು ಮಾಡಬೇಕು?

ಪ್ರಶ್ನೆ: ತೆಗೆದ ಗೆಡ್ಡೆಗಳನ್ನು ಅಡುಗೆಮನೆಯಲ್ಲಿ ಈರುಳ್ಳಿ ಬುಟ್ಟಿಯ ಪಕ್ಕ ಇಟ್ಟಿದ್ದೇನೆ, ಪರವಾಗಿಲ್ಲವೇ?

ಉತ್ತರ: ಈಗಲೇ ತೆಗೆಯಿರಿ. ಇವು ವಿಷದ ಗೆಡ್ಡೆಗಳು, ನೋಡಲು ಈರುಳ್ಳಿಯಂತೆಯೇ ಇರುತ್ತವೆ. ತಿಂದರೆ ಮನುಷ್ಯರಿಗೂ ನಾಯಿಗೂ ವಾಂತಿ, ಭೇದಿ. ಹೆಸರು ಬರೆದ ಚೀಟಿ ಕಟ್ಟಿ ಮಕ್ಕಳ ಕೈಗೆ ಸಿಗದ ಕಡೆ ಇಡಿ.